ಬಂದವರು ಕೊಳ್ಳದೆ ಯಾಕೆ ಹೋಗುತ್ತಾರೆ?

ಎಲ್ಲರಿಗೂ ನಮಸ್ಕಾರ. ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬದ ಕಡೆಯಿಂದ ಈ ಮಳೆಯಲ್ಲೂ ಶಿವಮೊಗ್ಗದವರೆಗೆ ಬಂದಿದ್ದೀರಿ. ತುಂಬಾ ಸಂತೋಷ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಮನೆಯಲ್ಲೇ ಏನಾದರೂ ತಯಾರಿಸಿ ಮಾರುವವರು. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ, ಜೇನುತುಪ್ಪ, ಕಾಳುಮೆಣಸು, ಅಡಿಕೆ ಹಾಳೆಯ ತಟ್ಟೆ. ಹಲವರು ಸ್ವಂತ ವೆಬ್‌ಸೈಟನ್ನೂ ಮಾಡಿಸಿದ್ದೀರಿ. ಬೆಳಿಗ್ಗೆಯಿಂದ ಮಾತಾಡಿಸಿದವರೆಲ್ಲ ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು. "ಜನ ಬರ್ತಾರೆ, ನೋಡ್ತಾರೆ, ಹೋಗ್ತಾರೆ. ಆರ್ಡರ್ ಮಾತ್ರ ಇಲ್ಲ."

ಹೀಗಾದಾಗ ಬಹಳ ಜನ ಮೊದಲು ಮಾಡುವುದು ಜಾಹೀರಾತಿಗೆ ಇನ್ನಷ್ಟು ದುಡ್ಡು ಹಾಕುವುದು. ದಯವಿಟ್ಟು ಸ್ವಲ್ಪ ತಡೆಯಿರಿ. ತಾವಾಗಿಯೇ ಬಂದ ನೂರು ಜನರಿಗೆ ಹುಟ್ಟದ ನಂಬಿಕೆ, ದುಡ್ಡು ಕೊಟ್ಟು ಕರೆಸಿದ ಸಾವಿರ ಜನರಿಗೂ ಹುಟ್ಟುವುದಿಲ್ಲ. ಬಂದವರು ಎಲ್ಲಿ ನಿಂತರು, ಅಲ್ಲಿ ಅವರಿಗೆ ಏನು ಅನುಮಾನ ಬಂತು, ಅದಕ್ಕೆ ನಿಮ್ಮ ಪುಟದಲ್ಲಿ ಉತ್ತರ ಇದೆಯಾ? ನಾನು ಇವತ್ತು ಮಾತಾಡುವುದು ಇಷ್ಟರ ಬಗ್ಗೆಯೇ.

ಶಿವಮೊಗ್ಗದ ಅಡಿಕೆ ಮಂಡಿ ನೋಡಿದವರಿಗೆ ಗೊತ್ತು. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯನ್ನು ದರ್ಜೆಗೆ ತಕ್ಕಂತೆ ಬೇರೆ ಬೇರೆ ಮಾಡಿ ಇಟ್ಟಿದ್ದರೂ ಖರೀದಿದಾರ ಚೀಲಕ್ಕೆ ಕೈ ಹಾಕದೆ ರೇಟು ಹೇಳುವುದಿಲ್ಲ. ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಆ ಅವಕಾಶ ಇಲ್ಲ. ಮೂಸುವ ಹಾಗಿಲ್ಲ, ಒಂದು ಚೂರು ಬಾಯಿಗೆ ಹಾಕಿ ನೋಡುವ ಹಾಗಿಲ್ಲ. ನಿಮ್ಮ ಮುಖವನ್ನೂ ಅವರು ನೋಡಿಲ್ಲ. ನೀವು ಬರೆದ ನಾಲ್ಕು ಸಾಲು, ಹಾಕಿದ ನಾಲ್ಕು ಫೋಟೋ, ಅಷ್ಟನ್ನೇ ನಂಬಿ ದುಡ್ಡು ಕಳಿಸಬೇಕು.

ಮೊದಲು ಲೆಕ್ಕ ನೋಡೋಣ. ತಿಂಗಳಿಗೆ ಐನೂರು ಜನ ಬಂದರು ಅಂತ ವೆಬ್‌ಸೈಟ್ ತೋರಿಸುತ್ತದೆ. ಆ ಐನೂರರಲ್ಲಿ ನಿಮ್ಮ ಮನೆಯವರು ಎಷ್ಟು ಸಲ ತೆರೆದರು? ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಎಷ್ಟು ಸಲ ತೆರೆದ? ಇನ್ನು ಕೆಲವರು ಬಂದಿರುತ್ತಾರೆ, ಆದರೆ ಕೊಳ್ಳಲು ಅಲ್ಲ. "ಮಿಡಿ ಉಪ್ಪಿನಕಾಯಿ ಮಾಡುವ ವಿಧಾನ" ಅಂತ ಒಂದು ಪುಟ ಬರೆದಿಟ್ಟರೆ ಅದಕ್ಕೆ ಜನ ಚೆನ್ನಾಗಿಯೇ ಬರುತ್ತಾರೆ. ಅವರೆಲ್ಲ ಮನೆಯಲ್ಲಿ ಉಪ್ಪಿನಕಾಯಿ ಹಾಕಲು ಹೊರಟವರು. ಅವರು ಬಾಟಲಿ ಕೊಳ್ಳಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ. ಕೊಳ್ಳಲೆಂದೇ ಬಂದವರಲ್ಲೂ ನೂರಕ್ಕೆ ಒಬ್ಬಿಬ್ಬರು ಕೊಂಡರೆ ಸಣ್ಣ ಅಂಗಡಿಗೆ ಅದು ಸಾಮಾನ್ಯ. ಬಂದದ್ದೇ ನಲವತ್ತು ಜನ ಆದರೆ ಒಂದೂ ಆರ್ಡರ್ ಬರಲಿಲ್ಲ ಎಂಬುದರಿಂದ ಏನೂ ತೀರ್ಮಾನಿಸಲು ಆಗುವುದಿಲ್ಲ.

ವೆಬ್‌ಸೈಟಿಗೆ ಬಂದವರು ಏನೇನು ಮಾಡಿದರು ಅಂತ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ಉಚಿತವಾಗಿ ಸಿಗುತ್ತದೆ. ಅದನ್ನು ಜೋಡಿಸಿ, ನಾಲ್ಕೇ ನಾಲ್ಕು ಅಂಕಿ ನೋಡಿ. ಸಾಮಾನಿನ ಪುಟ ತೆರೆದವರು, ಬುಟ್ಟಿಗೆ ಹಾಕಿದವರು, ವಿಳಾಸ ತುಂಬಲು ಶುರು ಮಾಡಿದವರು, ದುಡ್ಡು ಕೊಟ್ಟವರು. ಮುನ್ನೂರು ಜನ ಪುಟ ತೆರೆದು ನಾಲ್ಕೇ ಜನ ಬುಟ್ಟಿಗೆ ಹಾಕಿದರೆ ತೊಂದರೆ ಪುಟದಲ್ಲಿದೆ. ನಲವತ್ತು ಜನ ಬುಟ್ಟಿಗೆ ಹಾಕಿ ಇಬ್ಬರೇ ದುಡ್ಡು ಕೊಟ್ಟರೆ ತೊಂದರೆ ಕೊನೆಯ ಹಂತದಲ್ಲಿದೆ, ವಿಳಾಸ ತುಂಬಿ ದುಡ್ಡು ಕೊಡುವ ಕಡೆ. ಇವೆರಡಕ್ಕೂ ಮದ್ದು ಬೇರೆ ಬೇರೆ. ಇದು ಗೊತ್ತಿಲ್ಲದೆ ಬಣ್ಣ ಬದಲಿಸುವುದು, ಲೋಗೋ ಬದಲಿಸುವುದು ಸುಮ್ನೆ ಖರ್ಚು.

ಈಗ ಪುಟಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಯಾಕೆಂದರೆ ನಮ್ಮ ಕಡೆಯ ಅಂಗಡಿಗಳು ಹೆಚ್ಚು ಸೋಲುವುದು ಇಲ್ಲೇ.

ಅಪ್ಪೆಮಿಡಿ ಉಪ್ಪಿನಕಾಯಿಯನ್ನೇ ತೆಗೆದುಕೊಳ್ಳಿ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ, ಅಂದರೆ ಇದು ಇಂಥ ಪ್ರದೇಶದ ವಿಶೇಷ ಅನ್ನುವ ಜಿಐ ಮಾನ್ಯತೆಯೇ ಇದೆ. ಅಷ್ಟು ಹೆಸರಿರುವ ಸಾಮಾನಿನ ಕೆಳಗೆ ನಾವು ಬರೆಯುವುದೇನು? "ಅಪ್ಪಟ ಮಲೆನಾಡ ರುಚಿ. ಅಜ್ಜಿಯ ಕೈರುಚಿ. ಶುದ್ಧ, ಸಾಂಪ್ರದಾಯಿಕ." ಇದನ್ನು ಎಲ್ಲರೂ ಬರೆಯುತ್ತಾರೆ. ಓದಿದವರಿಗೆ ಇದರಿಂದ ಒಂದು ಅನುಮಾನವೂ ಪರಿಹಾರ ಆಗುವುದಿಲ್ಲ.

ಕೊಳ್ಳುವವರ ತಲೆಯಲ್ಲಿ ಓಡುವುದು ಬೇರೆ. ಇಡೀ ಮಿಡಿಯೋ, ಹೆಚ್ಚಿದ ಮಾವಿನಕಾಯಿಯೋ? ಎಣ್ಣೆ ಹಾಕಿದ್ದೋ, ಹಾಕದ್ದೋ? ಖಾರ ಎಷ್ಟು, ಮಕ್ಕಳು ತಿನ್ನಬಹುದಾ? ಅರ್ಧ ಕೆಜಿ ಅಂದರೆ ಎಷ್ಟು ಮಿಡಿ ಬರುತ್ತದೆ, ಎಷ್ಟು ರಸ ಬರುತ್ತದೆ? ಯಾವ ವರ್ಷದ ಮಿಡಿ? ಫ್ರಿಜ್‌ನಲ್ಲಿ ಇಡಬೇಕಾ? ದಾರಿಯಲ್ಲಿ ಸೋರಿ ಬಟ್ಟೆಬರೆಗೆಲ್ಲ ಆದರೆ?

ಇದೆಲ್ಲ ನಿಮಗೆ ಬಾಯಿಪಾಠ. ಹಾಗಾಗಿಯೇ ಬರೆಯಬೇಕು ಅಂತ ಹೊಳೆಯುವುದಿಲ್ಲ. ಹೀಗೆ ಬರೆದು ನೋಡಿ: "ಜೀರಿಗೆ ಪರಿಮಳದ ಇಡೀ ಮಿಡಿ. ಈ ವರ್ಷದ ಮಾರ್ಚ್‌ನಲ್ಲಿ ತೊಟ್ಟು ಸಮೇತ ಕೊಯ್ದದ್ದು. ಮೊದಲು ಉಪ್ಪಿನಲ್ಲಿ ಹಾಕಿ, ಮಿಡಿ ಸುರುಟಿದ ಮೇಲೆ ಅದೇ ಉಪ್ಪುನೀರಿನಲ್ಲಿ ಸಾಸಿವೆ, ಒಣಮೆಣಸು ಅರೆದು ಬೆರೆಸಿದ್ದೇವೆ. ಎಣ್ಣೆ ಇಲ್ಲ. ಖಾರ ಚೆನ್ನಾಗಿಯೇ ಇದೆ. ಒದ್ದೆ ಚಮಚ ಹಾಕಬೇಡಿ." ನಿಮ್ಮ ಮನೆಯ ಕ್ರಮ ಬೇರೆ ಇದ್ದರೆ ಅದನ್ನೇ ಬರೆಯಿರಿ. ಮಾಡಿದವರಿಗೆ ಮಾತ್ರ ಗೊತ್ತಿರುವ ವಿವರ ಇದು. ಓದಿದ ತಕ್ಷಣ "ಇವರು ನಿಜವಾಗಿ ಮಾಡುವವರು" ಅಂತ ಅನಿಸುತ್ತದೆ, ಅಲ್ವಾ?

ಫೋಟೋ ಕೂಡ ಹೀಗೆಯೇ. ಮುಚ್ಚಿದ ಬಾಟಲಿಯ ಫೋಟೋ ಒಂದು ಸಾಕು. ಉಳಿದದ್ದರಲ್ಲಿ ಮುಚ್ಚಳ ತೆಗೆದ ಬಾಟಲಿ ಇರಲಿ, ಚಮಚದಲ್ಲಿ ಒಂದು ಮಿಡಿ ಇರಲಿ, ಮೊಸರನ್ನದ ತಟ್ಟೆಯ ಬದಿಯಲ್ಲಿ ಒಂದು ಇರಲಿ. ಗಾತ್ರ ಗೊತ್ತಾಗಬೇಕು. ಕಿಟಕಿ ಪಕ್ಕದ ಬೆಳಕು ಸಾಕು, ದೊಡ್ಡ ಕ್ಯಾಮೆರಾ ಬೇಡ. ಬಾಟಲಿಯ ಹಿಂದಿನ ಚೀಟಿಯ ಫೋಟೋ ಮರೆಯಬೇಡಿ. ಅಲ್ಲಿ ಪದಾರ್ಥಗಳ ಪಟ್ಟಿ ಇರುತ್ತದೆ, ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ ಕೊಟ್ಟ 14 ಅಂಕಿಯ ಸಂಖ್ಯೆ ಇರುತ್ತದೆ. ತಯಾರಿಸಿದವರ ಹೆಸರು, ವಿಳಾಸ, ನಿವ್ವಳ ತೂಕ, ಎಂಆರ್‌ಪಿ ಇವೆಲ್ಲ ಆನ್‌ಲೈನ್ ಪುಟದಲ್ಲೂ ಕಾಣಬೇಕು ಅನ್ನುವ ನಿಯಮ 2018ರ ಜನವರಿಯಿಂದಲೇ ಜಾರಿಯಲ್ಲಿದೆ. ಕಾನೂನಿನ ಮಾತು ಹಾಗಿರಲಿ, ಊರಿನ ಹೆಸರಿರುವ ಪೂರ್ತಿ ವಿಳಾಸ ಮತ್ತು ಫೋನ್ ಎತ್ತುವ ಸಮಯ ನೋಡಿದರೆ ಅಪರಿಚಿತರಿಗೆ ಎಷ್ಟು ಧೈರ್ಯ ಬರುತ್ತದೆ ಅಂತ ಯೋಚಿಸಿ.

ಜೇನು ಮಾರುವವರಿಗೆ ಒಂದು ಮಾತು. ಚಳಿಗೆ ಜೇನುತುಪ್ಪ ಹರಳುಗಟ್ಟುತ್ತದೆ. ಅದರಲ್ಲಿರುವ ಗ್ಲೂಕೋಸ್‌ನಿಂದ ಹಾಗಾಗುವುದು, ಅಪ್ಪಟ ಜೇನೂ ಹರಳುಗಟ್ಟುತ್ತದೆ. ಕೊಂಡವರು ಮಾತ್ರ "ಸಕ್ಕರೆ ಬೆರೆಸಿದ್ದಾರೆ" ಅಂತ ಬಯ್ಯುತ್ತಾರೆ. ಬೈದ ಮೇಲೆ ವಿವರಿಸುವುದಕ್ಕಿಂತ ಪುಟದಲ್ಲಿ ಮೊದಲೇ ಬರೆದುಬಿಡಿ: ಹರಳುಗಟ್ಟಿದರೆ ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಇಡಿ, ಕರಗುತ್ತದೆ.

ಏನು ಬರೆಯಬೇಕು ಅಂತ ತಿಳಿಯದಿದ್ದರೆ ನಿಮ್ಮ ವಾಟ್ಸಾಪ್ ತೆಗೆದು ನೋಡಿ. ಆರು ತಿಂಗಳಿನಿಂದ ಜನ ಕೇಳಿದ ಪ್ರಶ್ನೆಗಳೆಲ್ಲ ಅಲ್ಲಿವೆ. ಒಬ್ಬರು ಕೇಳಿದ್ದಾರೆ ಅಂದರೆ, ಕೇಳದೆ ಸುಮ್ಮನೆ ಹೋದವರು ಇನ್ನೂ ಹಲವರು ಇದ್ದಾರೆ. ಪ್ರಶ್ನೆಗಳನ್ನು ಒಂದು ಪುಸ್ತಕಕ್ಕೆ ಇಳಿಸಿ, ಜಾಸ್ತಿ ಬಂದದ್ದಕ್ಕೆ ಮೊದಲು ಪುಟದಲ್ಲಿ ಉತ್ತರ ಕೊಡಿ. ನನ್ನ ಪ್ರಕಾರ ಯಾವ ತಜ್ಞರ ವರದಿಗಿಂತಲೂ ಇದು ಬೆಲೆಬಾಳುವಂಥದ್ದು, ಮತ್ತು ಇದಕ್ಕೆ ಒಂದು ರೂಪಾಯಿಯೂ ಬೇಡ.

ಇನ್ನು ಬುಟ್ಟಿಗೆ ಹಾಕಿ ಬಿಟ್ಟುಹೋಗುವವರು. ಡೆನ್ಮಾರ್ಕಿನ ಬೇಮಾರ್ಡ್ ಎಂಬ ಸಂಸ್ಥೆ ಇದನ್ನು ಬಹಳ ವರ್ಷಗಳಿಂದ ಲೆಕ್ಕ ಹಾಕುತ್ತಾ ಬಂದಿದೆ. ಹತ್ತು ಬುಟ್ಟಿಗಳಲ್ಲಿ ಸುಮಾರು ಏಳು ಹಾಗೆಯೇ ಉಳಿಯುತ್ತವೆ. ಸುಮ್ನೆ ನೋಡಲು ಬಂದವರನ್ನು ಬಿಟ್ಟರೆ, ಜನ ಮೊದಲು ಹೇಳುವ ಕಾರಣ ಕೊನೆಯಲ್ಲಿ ಸೇರಿಕೊಂಡ ಖರ್ಚು. ನಮ್ಮ ವ್ಯಾಪಾರಕ್ಕೆ ಇದು ದೊಡ್ಡ ಹೊಡೆತ. 180 ರೂಪಾಯಿಯ ಬಾಟಲಿ ಅಂದುಕೊಳ್ಳಿ. ಗಾಜು, ಒಳಗೆ ರಸ, ತೂಕ ಜಾಸ್ತಿ. ವಿಳಾಸವೆಲ್ಲ ತುಂಬಿದ ಮೇಲೆ "ಕೊರಿಯರ್ 90" ಅಂತ ಬಂದರೆ ಯಾರಿಗಾದರೂ ಮೋಸ ಹೋದ ಹಾಗೆ ಆಗುತ್ತದೆ. ಹೀಗೆ ಬೆಲೆಯನ್ನು ಕೊನೆಯವರೆಗೆ ಬಚ್ಚಿಡುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಮಾರ್ಗಸೂಚಿಯಲ್ಲಿ ತಪ್ಪು ಅಂತಲೇ ಪಟ್ಟಿ ಮಾಡಿದೆ.

ಕೊರಿಯರ್ ಖರ್ಚನ್ನು ಬೆಲೆಯ ಪಕ್ಕದಲ್ಲೇ ಬರೆಯಿರಿ. ಆಮೇಲೆ ಪ್ಯಾಕಿಂಗ್ ಬಗ್ಗೆ ಯೋಚಿಸಿ. ಒಂದೇ ಬಾಟಲಿ ಕಳಿಸಿದರೆ ಯಾರಿಗೂ ಗಿಟ್ಟುವುದಿಲ್ಲ. ಒಂದು ಮಿಡಿ ಉಪ್ಪಿನಕಾಯಿ, ಒಂದು ಜೋನಿ ಬೆಲ್ಲ, ಎರಡು ಕಟ್ಟು ಹಪ್ಪಳ ಸೇರಿಸಿ ಒಂದು ಪೆಟ್ಟಿಗೆ ಮಾಡಿ, ಕಳಿಸುವ ಖರ್ಚು ಸೇರಿಸಿಯೇ ಒಂದು ಬೆಲೆ ಹೇಳಿ. ಬೆಂಗಳೂರಿನಲ್ಲಿರುವ ನಮ್ಮ ಕಡೆಯ ಮಕ್ಕಳು ಊರಿಗೆ ಬಂದು ವಾಪಸ್ ಹೋಗುವಾಗ ಚೀಲಕ್ಕೆ ತುಂಬಿಕೊಳ್ಳುವುದೂ ಇವನ್ನೇ.

ದುಡ್ಡು ಕೊಡುವ ಜಾಗದಲ್ಲಿ ನಾನು ನೋಡಿದ ಒಂದು ತೊಂದರೆ ಹೇಳುತ್ತೇನೆ. ಹೆಚ್ಚಿನವರು ಅಂಗಡಿ ತೆರೆಯುವುದು ಮೊಬೈಲ್‌ನಲ್ಲಿ. ಕೆಲವು ಅಂಗಡಿಗಳು ಕೊನೆಯಲ್ಲಿ ಕ್ಯೂಆರ್ ಕೋಡ್ ಒಂದನ್ನೇ ತೋರಿಸುತ್ತವೆ. ಅದೇ ಫೋನಿನಲ್ಲಿ ಇರುವ ಕೋಡನ್ನು ಅದೇ ಫೋನಿನ ಕ್ಯಾಮೆರಾದಿಂದ ಹೇಗೆ ಸ್ಕ್ಯಾನ್ ಮಾಡುವುದು? ಬಟನ್ ಒತ್ತಿದರೆ ಫೋನಿನ ಯುಪಿಐ ಆಪ್ ನೇರ ತೆರೆಯಬೇಕು. ವೆಬ್‌ಸೈಟ್ ಮಾಡಿಕೊಟ್ಟವರಿಗೆ ಹೇಳಿದರೆ ಅವರು ಸರಿ ಮಾಡಿಕೊಡುತ್ತಾರೆ. "ಮೊದಲು ಖಾತೆ ತೆರೆಯಿರಿ, ಪಾಸ್‌ವರ್ಡ್ ಹಾಕಿ" ಅನ್ನುವುದನ್ನೂ ತೆಗೆಸಿ. ಹೆಸರು, ಫೋನ್, ವಿಳಾಸ, ಪಿನ್‌ಕೋಡ್ ಇಷ್ಟು ಸಾಕು.

ವೇಗದ ಬಗ್ಗೆ ಚಿಕ್ಕದಾಗಿ. ಫೋನಿನಿಂದ ತೆಗೆದ ದೊಡ್ಡ ಫೋಟೋಗಳನ್ನು ಹಾಗೆಯೇ ಹಾಕಬೇಡಿ, ಕಡಿಮೆ ಜಾಗ ಹಿಡಿಯುವ ವೆಬ್‌ಪಿ ಎಂಬ ಫೋಟೋ ರೂಪಕ್ಕೆ ತಂದು ಕುಗ್ಗಿಸಿ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಅಂತ ಗೂಗಲ್ ಹೇಳುತ್ತದೆ. ಪುಟದ ವೇಗ ಅಳೆಯುವ ಅದರ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ನಿಮ್ಮ ಪುಟವನ್ನು ನೋಡಿಕೊಳ್ಳಬಹುದು.

ಕಳಿಸುವ ದಿನವನ್ನು ನಿಜವಾಗಿ ಹೇಳಿ. ಜುಲೈ ತಿಂಗಳಲ್ಲಿ ಹೊಸನಗರದ ಒಳಗಿನ ಹಳ್ಳಿಯಿಂದ ದಿನಾ ಪಾರ್ಸೆಲ್ ಹೊರಡುವುದಿಲ್ಲ. ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಇರುವುದಿಲ್ಲ. ಹಪ್ಪಳ ಒಣಗಿಸಲು ಬಿಸಿಲಂತೂ ಇಲ್ಲವೇ ಇಲ್ಲ. "ಸೋಮವಾರ, ಗುರುವಾರ ಕಳಿಸುತ್ತೇವೆ. ಮಳೆಗಾಲದಲ್ಲಿ ಎರಡು ದಿನ ಹೆಚ್ಚು ಬೇಕಾಗಬಹುದು" ಅಂತ ಬರೆದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಾಳೆಯೇ ಬರುತ್ತದೆ ಅಂತ ಹೇಳಿ ವಾರ ಮಾಡಿದರೆ ಆ ಗಿರಾಕಿ ಇನ್ನೊಮ್ಮೆ ಬರುವುದಿಲ್ಲ.

"ಎರಡೇ ಉಳಿದಿವೆ, ಬೇಗ ಕೊಳ್ಳಿ" ಅಂತ ಸುಳ್ಳು ಬರೆಯುವುದು, ನಾವೇ ಗಿರಾಕಿಗಳ ಹೆಸರಿನಲ್ಲಿ ಮೆಚ್ಚುಗೆ ಬರೆದುಕೊಳ್ಳುವುದು, ಇವೆರಡೂ ಬೇಡ. ಎರಡಕ್ಕೂ ನಿಯಮದಲ್ಲಿ ತಡೆ ಇದೆ. ನಮಗೆ ಅದರ ಅಗತ್ಯವೂ ಇಲ್ಲ. ಮಿಡಿ ವರ್ಷಕ್ಕೊಂದು ಸಲ ಬರುವಂಥದ್ದು. "ಈ ವರ್ಷದ ಮಿಡಿ ಮುಗಿಯಿತು, ಮುಂದಿನ ಹಂಗಾಮಿಗೆ ಹೆಸರು ಬರೆಸಿ" ಅಂತ ನಿಜ ಹೇಳಿದರೆ ಸಾಕು. ಕೊಂಡವರಿಗೆ ಹತ್ತು ದಿನ ಬಿಟ್ಟು ಒಂದು ಫೋನ್ ಮಾಡಿ, "ಉಪ್ಪಿನಕಾಯಿ ಹೇಗಿತ್ತು, ಅಕ್ಕಾ?" ಅಂತ ಕೇಳಿ. ಅವರು ಹೇಳಿದ್ದನ್ನು ಅವರ ಒಪ್ಪಿಗೆ ಪಡೆದು ಅವರ ಮಾತಿನಲ್ಲೇ ಹಾಕಿ. ಖಾರ ಜಾಸ್ತಿ ಆಯಿತು ಅಂದರೆ ಅದನ್ನೂ ಹಾಕಿ. ಖಾರ ಬೇಕಾದವರು ಅದನ್ನು ನೋಡಿಯೇ ಕೊಳ್ಳುತ್ತಾರೆ.

ಬದಲಾವಣೆ ಮಾಡಿದ ವಾರವೇ ಎರಡಿದ್ದ ಆರ್ಡರ್ ನಾಲ್ಕಾದರೆ ಗೆದ್ದೆವು ಅಂದುಕೊಳ್ಳಬೇಡಿ. ಇಷ್ಟು ಸಣ್ಣ ಅಂಕಿ ತನ್ನಷ್ಟಕ್ಕೇ ಏರಿಳಿಯುತ್ತದೆ. ಎರಡು ಮೂರು ತಿಂಗಳು ನೋಡಿ. ಅಲ್ಲಿಯವರೆಗೆ ಅಂಕಿಗಿಂತ ಜನರನ್ನು ನೋಡುವುದೇ ಮೇಲು. ವೆಬ್‌ಸೈಟ್‌ಗಳ ಬಳಕೆಯ ಬಗ್ಗೆ ಕೆಲಸ ಮಾಡಿದ ಯಾಕೋಬ್ ನೀಲ್ಸನ್ 2000ದಲ್ಲೇ ಬರೆದಿದ್ದರು, ಐದು ಜನರನ್ನು ಕೂರಿಸಿ ನೋಡಿದರೆ ಹೆಚ್ಚಿನ ತೊಂದರೆಗಳು ಕಾಣುತ್ತವೆ ಅಂತ. ಅದಕ್ಕೆ ಈಗ ಊಟ ಮುಗಿಸಿ ಬನ್ನಿ, ಇಬ್ಬಿಬ್ಬರು ಜೋಡಿಯಾಗಿ ಕೂರೋಣ. ನಿಮ್ಮ ಅಂಗಡಿಯನ್ನು ಪಕ್ಕದವರ ಫೋನಿನಲ್ಲಿ ತೆರೆಸಿ, ಒಂದು ಬಾಟಲಿ ಕೊಳ್ಳಲು ಹೇಳಿ. ಅವರು ಎಲ್ಲಿ ತಡವರಿಸುತ್ತಾರೆ ಅಂತ ಬರೆದುಕೊಳ್ಳಿ. ಒಂದೇ ಷರತ್ತು, ಅವರು ಕೊಂಡು ಮುಗಿಸುವವರೆಗೆ ನೀವು ಬಾಯಿ ಬಿಡಬಾರದು.