ಗದ್ದೆ ಬದಿಯಲ್ಲಿ ಕಾರು, ಕಾರಿನ ಮೇಲೆ ಕಡ್ಡಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಬಿಸಿಲಲ್ಲಿ ಇಷ್ಟು ಜನ ಬಂದಿದ್ದೀರಿ, ಪೀಠಿಕೆ ಬೇಡ, ಸೀದಾ ಕಾರಿಗೆ ಹೋಗೋಣ.

ಹೊಸದಾಗಿ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಲೈಸೆನ್ಸ್ ಪಡೆದವರು ಕೇಳುವ ಮೊದಲ ಪ್ರಶ್ನೆ, "ಸರ್, ಕಾರಿಗೆ ಯಾವ ರೇಡಿಯೋ ಸೆಟ್ ತಗೊಳ್ಳಲಿ?" ಕಾರಿನ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಕಾರಿನ ತಗಡೇ ಅರ್ಧ ಆಂಟೆನಾ! ಮೇಲೆ ನಿಂತ ಕಡ್ಡಿ ಇನ್ನರ್ಧ ಅಷ್ಟೇ.

2 ಮೀಟರ್ ಬ್ಯಾಂಡ್, ಅಂದರೆ ತರಂಗದ ಉದ್ದ ಸುಮಾರು 2 ಮೀಟರ್ ಇರುವ 144ರಿಂದ 146 ಮೆಗಾಹರ್ಟ್ಸ್, ಸುಲಭ. ಕಾಲು ತರಂಗದ, ಅಂದರೆ ತರಂಗದ ಉದ್ದದ ಕಾಲು ಭಾಗದ ಕಡ್ಡಿ ಸುಮಾರು 49 ಸೆಂಟಿಮೀಟರ್ ಬರುತ್ತೆ. ಟಾಪಿನ ನಡುವೆ ಮ್ಯಾಗ್ನೆಟ್ ಮೇಲೆ ನಿಲ್ಲಿಸಿ, ಸುತ್ತಲೂ ತಗಡು ಸಿಗುತ್ತೆ. ಬಂಪರಿಗೆ ಸಿಕ್ಕಿಸಿದರೆ ಒಂದು ದಿಕ್ಕಿಗೆ ಕಾರೇ ಅಡ್ಡ. ಇಡುವ ಮುಂಚೆ ಬಟ್ಟೆಯಿಂದ ಒರೆಸಿ, ಸಂಡೂರಿಗೆ ಹೋಗಿ ಬಂದ ಕಾರಿನ ಮೇಲಿನ ಕೆಂಪು ಧೂಳು ಮ್ಯಾಗ್ನೆಟ್ ಅಡಿ ಸಿಕ್ಕರೆ ಪೇಂಟ್ ಹೋಯ್ತು ಅಂತಲೇ ತಿಳಿಯಿರಿ.

7 ಮೆಗಾಹರ್ಟ್ಸ್ ಕಥೆ ಬೇರೆ. ಅಲ್ಲಿ ಕಾಲು ತರಂಗ ಅಂದರೆ 10 ಮೀಟರಿಗೂ ಜಾಸ್ತಿ, ಕಾರಿನ ಮೇಲೆ ನಿಲ್ಲಿಸೋಕೆ ಆಗುತ್ತಾ? ಎರಡು ಮೀಟರ್ ಕಡ್ಡಿಗೆ ನಡುವೆ ಕಾಯಿಲ್ ಸುತ್ತಿ ಸುಧಾರಿಸಿಕೊಳ್ಳುತ್ತೇವೆ. ಸೆಟ್ ಕೊಟ್ಟ ಪವರ್‌ನಲ್ಲಿ ದೊಡ್ಡ ಪಾಲು ಕಾಯಿಲಲ್ಲೂ ಕೆಳಗಿನ ನೆಲದಲ್ಲೂ ಬಿಸಿಯಾಗಿ ಹೋಗುತ್ತೆ. ಒಮ್ಮೆ ಹಂಪಿ ಹತ್ತಿರ ಬಂಡೆ ಗುಡ್ಡದ ಮೇಲೆ ಕಾರು ನಿಲ್ಲಿಸಿದ್ದೆ, ಎತ್ತರ ಅಲ್ವಾ ಅಂತ. 2 ಮೀಟರ್ ಚೆನ್ನಾಗಿ ಹೋಯ್ತು, 7ರಲ್ಲಿ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ವಾಪಸ್ ಬರುತ್ತಾ ಗಂಗಾವತಿ ಕಡೆ ನೀರು ನಿಂತ ಭತ್ತದ ಗದ್ದೆ ಪಕ್ಕ ನಿಲ್ಲಿಸಿ ಕರೆದೆ, ಅದೇ ಸೆಟ್, ಅದೇ ಕಡ್ಡಿ, ಗುಡ್ಡದಿಂದ ಸರಿಯಾಗಿ ಕೇಳಿಸದ ಗೆಳೆಯನೇ "ಈಗ ಸ್ಪಷ್ಟ" ಅಂದ. ಹೊತ್ತು ಬದಲಾದರೆ ಬ್ಯಾಂಡಿನ ಸ್ಥಿತಿಯೂ ಬದಲಾಗುತ್ತೆ, ಹಾಗಾಗಿ ಒಂದು ಸಲದ್ದನ್ನು ನಾನೂ ನಂಬಲಿಲ್ಲ. ಮತ್ತೆ ಮೂರು ಸಲ ಹೋಗಿ ನೋಡಿದೆ, ಗದ್ದೆಯೇ ಗೆದ್ದಿತು. ಹಸಿ ಎರೆ ಮಣ್ಣಲ್ಲಿ ವಿದ್ಯುತ್ ಹರಿಯುತ್ತೆ, ಒಣ ಬಂಡೆಯಲ್ಲಿ ಅಷ್ಟು ಹರಿಯಲ್ಲ, ಹಾಗಾಗಿ ಗದ್ದೆ ಪಕ್ಕ ನೆಲದಲ್ಲಿ ಹೋಗುವ ಪವರ್ ಕಡಿಮೆ.

ಇನ್ನು ಕರೆಂಟು. 50 ವಾಟ್ ಸೆಟ್ ಮಾತಾಡುವಾಗ 10 ಆಂಪಿಯರಿಗೂ ಹೆಚ್ಚು ಎಳೆಯುತ್ತೆ. ನಾನು ಸೋಮಾರಿತನದಿಂದ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚಿದ್ದೆ. ತೋರಣಗಲ್ ದಾಟುವಾಗ ಪಕ್ಕದಲ್ಲಿ ಕೂತ ನನ್ನ ತಮ್ಮ ಮೈಕ್ ಒತ್ತಿದಾಗಲೆಲ್ಲ ದನಿ ಗೊಗ್ಗರಾಗಿ ಸೆಟ್ಟೇ ಆಫ್ ಆಗುತ್ತಿತ್ತು. ಕೊನೆಗೆ ಫ್ಯೂಸೂ ಹೋಯ್ತು. ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆಯಿರಿ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ. ಯಾಕೆ ಗೊತ್ತಾ? ವೈರ್ ದಾರಿಯಲ್ಲಿ ಎಲ್ಲೋ ಸವೆದು ಕಾರಿನ ತಗಡಿಗೆ ತಾಗಿದರೆ, ಸೆಟ್ ಹತ್ತಿರದ ಫ್ಯೂಸ್ ಸುಮ್ನೆ ನೋಡುತ್ತಾ ಕೂತಿರುತ್ತೆ, ವೈರ್ ಮಾತ್ರ ಉರಿಯುತ್ತೆ.

ಆಕ್ಸಲರೇಟರ್ ಒತ್ತಿದಂತೆ ಸೆಟ್ಟಿನಲ್ಲಿ ಏರುವ ಕುಂಯ್ ಸದ್ದು, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ದು. ಅದಕ್ಕೂ ಅರ್ಧ ಮದ್ದು ಇದೇ ವೈರಿಂಗ್. ಓಡಿಸುವವರು ಮೈಕ್ ಹಿಡಿಯಬೇಡಿ, ಅದಿರು ಲಾರಿಗಳ ರಸ್ತೆ ಇದು.

ಉಳಿದದ್ದು ಬಾಯಲ್ಲಿ ಹೇಳಿದರೆ ತಿಳಿಯಲ್ಲ. ಕಾರು ಹೊರಗೇ ನಿಂತಿದೆ, ಬಾನೆಟ್ ಎತ್ತಿ ತೋರಿಸುತ್ತೇನೆ ಬನ್ನಿ. ಮುಟ್ಟುವಾಗ ಹುಷಾರು, ತಗಡು ಕಾದಿರುತ್ತೆ.