ಕಡಲನ್ನು ಹೊರಗಿಡುವ ಒಡ್ಡು

ಕೇಳುಗರೆಲ್ಲರಿಗೂ ನಮಸ್ಕಾರ.

ಎರಡು ವರ್ಷದ ಹಿಂದೆ ಒಂದು ಜರ್ಮನ್ ನೀಳ್ಗತೆಯನ್ನು ಕನ್ನಡಕ್ಕೆ ತರಲು ಕೂತೆ. 20 ಪುಟ ಆದ ಮೇಲೆ ಕುಮಟಾ ಕಡೆಯ ಗೆಳೆಯನೊಬ್ಬನಿಗೆ ಓದಿ ಹೇಳಿದೆ. ಅವನು ಸುಮ್ನೆ ಕೂತು ಪೂರ್ತಿ ಕೇಳಿದ. ಆಮೇಲೆ ಒಂದೇ ಒಂದು ಪ್ರಶ್ನೆ ಹಾಕಿದ. "ಇದು ಯಾವ ಹೊಳೆಯ ಅಣೆಕಟ್ಟು ಮಾರಾಯಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕಥೆಯಲ್ಲಿ ಹೊಳೆಯೇ ಇಲ್ಲ. ಇರುವುದು ಕಡಲು. ಜರ್ಮನ್ನಿನಲ್ಲಿ 'ಡೈಶ್' ಅಂತ ಇದ್ದ ಪದಕ್ಕೆ ನಾನು ಕಣ್ಣು ಮುಚ್ಚಿ 'ಅಣೆಕಟ್ಟು' ಅಂತ ಬರೆದಿದ್ದೆ.

ಇವತ್ತು ಆ ಕಥೆಯ ಬಗ್ಗೆ, ಅದನ್ನು ಬರೆದ ಥಿಯೊಡೋರ್ ಸ್ಟೋರ್ಮ್ ಬಗ್ಗೆ, ಅವನ ಪುಸ್ತಕಗಳ ಬೆನ್ನು ಹತ್ತಿದ ವಿದ್ವಾಂಸರ ಬಗ್ಗೆ ಹೇಳುತ್ತೇನೆ.

ಸ್ಟೋರ್ಮ್ ಹುಟ್ಟಿದ್ದು 1817ರಲ್ಲಿ, ಹೂಜುಮ್ ಅನ್ನುವ ಊರಲ್ಲಿ. ಇವತ್ತಿನ ಜರ್ಮನಿಯ ಉತ್ತರ ತುದಿಯಲ್ಲಿ, ಉತ್ತರ ಸಮುದ್ರದ ದಡದಲ್ಲಿ ಅದು ಇದೆ. ಆಗ ಆ ಸೀಮೆ ಡೆನ್ಮಾರ್ಕಿನ ದೊರೆಯ ಕೈಯಲ್ಲಿತ್ತು. ಸ್ಟೋರ್ಮ್ ವೃತ್ತಿಯಲ್ಲಿ ವಕೀಲ. ಡೆನ್ಮಾರ್ಕಿನ ಆಡಳಿತದ ವಿರುದ್ಧ ನಿಂತಿದ್ದಕ್ಕೆ 1852ರಲ್ಲಿ ಅವನ ವಕೀಲಿಕೆಯ ಪರವಾನಗಿ ಹೋಯಿತು. ಮರುವರ್ಷ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟ. ತಿರುಗಿ ಬಂದಿದ್ದು 1864ರಲ್ಲಿ. ಊರು ಬಿಟ್ಟವನಿಗೆ ಊರಿನ ಒಂದೊಂದು ಪದವೂ ಎಷ್ಟು ಗಟ್ಟಿಯಾಗಿ ನೆನಪಿರುತ್ತದೆ ಅನ್ನುವುದು ಅವನ ಬರಹದಲ್ಲಿ ಕಾಣುತ್ತದೆ. ಹೂಜುಮ್ ಬಗ್ಗೆ ಅವನು ಬರೆದ ಒಂದು ಪುಟ್ಟ ಕವಿತೆಯಿಂದಾಗಿ ಆ ಊರಿಗೆ 'ಕಡಲ ದಡದ ಬೂದು ಊರು' ಅಂತ ಹೆಸರು ನಿಂತಿದೆ.

ನಾನು ಹಿಡಿದಿದ್ದು ಅವನ ಕೊನೆಯ ಕಥೆ. ಹೆಸರು 'ಡೆರ್ ಶಿಮೆಲ್‌ರೈಟರ್'. ಬಿಳಿ ಕುದುರೆಯ ಸವಾರ, ಬಿರುಗಾಳಿಯ ರಾತ್ರಿ ಕಡಲ ದಡದಲ್ಲಿ ಕಾಣುವ ಒಂದು ದೆವ್ವ. 1888ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಒಂದು ಮಾಸಪತ್ರಿಕೆಯಲ್ಲಿ ಬಂತು. ಜುಲೈ 4ಕ್ಕೆ ಸ್ಟೋರ್ಮ್ ತೀರಿಕೊಂಡ. ಹೊಟ್ಟೆಯ ಕ್ಯಾನ್ಸರ್. ಅದಕ್ಕೂ ಮೊದಲು ಒಂದು ಘಟನೆ ಆಯಿತು. ಕಾಯಿಲೆ ಏನು ಅಂತ ಗೊತ್ತಾದಾಗ ಅವನು ಕುಸಿದುಹೋದ, ಬರೆಯುವುದು ನಿಂತಿತು. ಮನೆಯವರು, ವೈದ್ಯನಾಗಿದ್ದ ಅವನ ತಮ್ಮನೂ ಸೇರಿ, ಇನ್ನೊಮ್ಮೆ ಪರೀಕ್ಷೆ ಮಾಡಿದ ಹಾಗೆ ಮಾಡಿ, ಭಯ ಪಡುವಂಥದ್ದೇನಿಲ್ಲ ಅಂದರು. ಅವನು ನಂಬಿದ. ಎದ್ದು ಕೂತು ಕಥೆ ಮುಗಿಸಿದ. ಆ ಸುಳ್ಳು ಇಲ್ಲದಿದ್ದರೆ ಈ ಕಥೆ ನಮಗೆ ಸಿಗುತ್ತಲೇ ಇರಲಿಲ್ಲವೇನೋ. ಓದುವಾಗೆಲ್ಲ ನನಗೆ ಆ ಮನೆಯವರ ನೆನಪಾಗುತ್ತದೆ.

ಈಗ ಡೈಶ್‌ಗೆ ಬರೋಣ. ನಮ್ಮ ಭಾಷೆಯಲ್ಲಿ ನೀರಿಗೆ ಕಟ್ಟಿದ ಮಣ್ಣಿನ ಹೆಸರು ಎಷ್ಟಿವೆ ನೋಡಿ. ಏರಿ, ಕಟ್ಟೆ, ಒಡ್ಡು, ಬದು, ಅಣೆ. ಹೆಚ್ಚಿನವೆಲ್ಲ ನೀರನ್ನು ಒಳಗೆ ಹಿಡಿದಿಡುವಂಥವು. ನಮಗೆ ನೀರು ಹೋಗಿಬಿಡುತ್ತದೆ ಅನ್ನುವುದೇ ಚಿಂತೆ. ಸ್ಟೋರ್ಮ್‌ನ ಕರಾವಳಿ ಸೀಮೆ ಫ್ರೀಸ್‌ಲ್ಯಾಂಡ್, ಅಲ್ಲಿನವರ ಚಿಂತೆ ಬೇರೆ. ಅವರಿಗೆ ನೀರು ಬಂದುಬಿಡುತ್ತದೆ. ಅವರ ಹೊಲ ಮನೆಗಳು ಕಡಲಿನಿಂದ ಕಸಿದುಕೊಂಡ ತಗ್ಗು ನೆಲದಲ್ಲಿವೆ. ಮೈಲಿಗಟ್ಟಲೆ ಮಣ್ಣಿನ ಗೋಡೆ ಎಬ್ಬಿಸಿ ಕಡಲನ್ನು ಹೊರಗೆ ನಿಲ್ಲಿಸುತ್ತಾರೆ. ಆ ಗೋಡೆಯೇ ಡೈಶ್. ಅದರ ಒಳಗಡೆ ಸಿಕ್ಕ ಹೊಲ 'ಕೋಗ್'. ಒಡ್ಡು ಕಟ್ಟದವನು ನೆಲ ಬಿಟ್ಟು ನಡೆಯಲಿ ಅಂತ ಆ ಕರಾವಳಿಯಲ್ಲಿ ಒಂದು ಹಳೆಯ ಗಾದೆಯೇ ಇದೆ.

ಇದನ್ನು ವಿವರಿಸಿದಾಗ ನನ್ನ ಗೆಳೆಯ ಥಟ್ಟನೆ, "ಹಾಗಾದ್ರೆ ನಮ್ಮ ಗಜನಿ ಅನ್ನು" ಅಂದ. ಅಘನಾಶಿನಿ ನದಿ ಕಡಲು ಸೇರುವ ಕಡೆ, ಮಾಣಿಕಟ್ಟಾ ಸುತ್ತಮುತ್ತ, ಉಪ್ಪು ನೀರಿಗೆ ಒಡ್ಡು ಹಾಕಿ ಕಗ್ಗ ಭತ್ತ ಬೆಳೆಯುವ ತಗ್ಗು ಭೂಮಿ ಇದೆಯಲ್ಲ, ಅದು. ಎರಡೂ ಪೂರ್ತಿ ಒಂದೇ ಅಲ್ಲ. ಗಜನಿಗೆ ಉಪ್ಪು ನೀರನ್ನು ಬೇಕಾದಾಗ ಬಿಟ್ಟುಕೊಳ್ಳುತ್ತಾರೆ, ಸಿಗಡಿ ಮೀನು ಹಿಡಿಯುತ್ತಾರೆ. ಕೋಗಿಗೆ ಕಡಲು ಬಂದರೆ ಸರ್ವನಾಶ. ಆದರೂ ಕಡಲಿಗೆ ಬೆನ್ನು ಕೊಟ್ಟು ನಿಂತ ಮಣ್ಣು ಹೇಗಿರುತ್ತದೆ ಅಂತ ಬಲ್ಲ ಕನ್ನಡ ಒಂದಿದೆ ಅಂತ ಗೊತ್ತಾಯಿತು. ಆವತ್ತೇ 'ಅಣೆಕಟ್ಟು' ಹೊಡೆದುಹಾಕಿ 'ಕಡಲೊಡ್ಡು' ಅಂತ ಬರೆದೆ.

ಸ್ಟೋರ್ಮ್‌ಗೂ ಇದೇ ತೊಂದರೆ ಇತ್ತು. ಅವನು ಬರೆದದ್ದು ಜರ್ಮನ್ನಿನಲ್ಲಿ, ಓದುವವರೂ ಜರ್ಮನ್ನರು. ಆದರೆ ಒಳನಾಡಿನವರಿಗೆ ಕೋಗ್ ಅಂದರೇನು, ಒಡ್ಡಿಲ್ಲದ ಪುಟ್ಟ ದ್ವೀಪಕ್ಕೆ ಹೇಳುವ ಹಾಲಿಗ್ ಅಂದರೇನು, ತಿಳಿಯದು. ಹಾಗಾಗಿ ಪುಸ್ತಕಕ್ಕೆ ಅಂತ ಅವನೇ ಒಂದು ಪದಪಟ್ಟಿ ಮಾಡಿಕೊಟ್ಟ. 'ಒಳನಾಡಿನ ಓದುಗರಿಗಾಗಿ' ಅಂತ ಅದಕ್ಕೆ ತಲೆಬರಹ. ಒಡ್ಡಿನ ಲೆಕ್ಕ ತಪ್ಪಬಾರದು ಅಂತ ಎಕರ್ಮನ್ ಅನ್ನುವ ಇಂಜಿನಿಯರ್ ಹತ್ತಿರ ಕೇಳಿ ತಿಳಿದುಕೊಂಡಿದ್ದ. ಈ ಕಥೆಯ ಮೊದಲ ಅನುವಾದಕ ಸ್ಟೋರ್ಮೇ ಅಂತ ನಾನು ಹೇಳುತ್ತೇನೆ. ಸಾಯುವ ವರ್ಷದಲ್ಲಿ ಕೂತು ಪದಗಳಿಗೆ ಅರ್ಥ ಬರೆದವನು ಅವನು.

ಕಥೆ ಹೀಗಿದೆ. ಹೌಕೆ ಹೈಯೆನ್ ಬಡ ರೈತನ ಮಗ. ಹುಡುಗನಿಗೆ ಲೆಕ್ಕದ ಹುಚ್ಚು. ಅಟ್ಟದಲ್ಲಿ ಯೂಕ್ಲಿಡ್‌ನ ಪುಸ್ತಕ ಸಿಗುತ್ತದೆ, ಆದರೆ ಅದು ಡಚ್ ಭಾಷೆಯದು. ಜೊತೆಗೆ ಒಂದು ಸಣ್ಣ ಡಚ್ ವ್ಯಾಕರಣವೂ ಸಿಗುತ್ತದೆ. ಚಳಿಗಾಲವಿಡೀ ಕೂತು ಡಚ್ ಕಲಿತು ಯೂಕ್ಲಿಡ್ ಓದುತ್ತಾನೆ. ರಾತ್ರಿ ದೀಪದ ಬೆಳಕಲ್ಲಿ ಜೇಡಿಮಣ್ಣಿನಿಂದ ಪುಟ್ಟ ಪುಟ್ಟ ಒಡ್ಡು ಮಾಡುತ್ತಾನೆ. ಅಗಲ ಪಾತ್ರೆಯಲ್ಲಿ ನೀರು ತುಂಬಿ, ಒಡ್ಡನ್ನು ಅದರಲ್ಲಿಟ್ಟು, ಅಲೆ ಮಣ್ಣನ್ನು ಎಲ್ಲಿ ಕೊರೆಯುತ್ತದೆ ಅಂತ ನೋಡುತ್ತಾನೆ. ಆಮೇಲೆ ಅಪ್ಪನಿಗೆ ಹೇಳುತ್ತಾನೆ, ನಮ್ಮ ಒಡ್ಡುಗಳು ಏನೂ ಪ್ರಯೋಜನವಿಲ್ಲ ಅಂತ. ಕಡಲ ಕಡೆಯ ಮೈ ತೀರಾ ಕಡಿದು. ಅಲೆ ಬಂದು ಗೋಡೆಗೆ ಗುದ್ದಿದ ಹಾಗೆ ಗುದ್ದುತ್ತದೆ. ಇಳಿಜಾರು ನಿಧಾನವಾಗಿದ್ದರೆ ಅಲೆ ಹತ್ತುತ್ತಾ ಹತ್ತುತ್ತಾ ಸುಸ್ತಾಗುತ್ತದೆ.

ಮುಂದೆ ಅವನು ಡೈಶ್‌ಗ್ರಾಫ್ ಆಗುತ್ತಾನೆ. ಈ ಪದ ನನ್ನನ್ನು ಒಂದು ತಿಂಗಳು ಕಾಡಿತು. ಒಡ್ಡಿನ ಮೇಲ್ವಿಚಾರಕ ಅಂದರೆ ಸರಕಾರಿ ನೌಕರನ ಹಾಗೆ ಕೇಳಿಸುತ್ತದೆ. ನೀರಗಂಟಿ ಅನ್ನೋಣವೆಂದರೆ, ನಮ್ಮ ನೀರಗಂಟಿಗೆ ಊರ ಮೇಲೆ ಅಧಿಕಾರ ಇರಲಿಲ್ಲ. ಡೈಶ್‌ಗ್ರಾಫ್‌ಗೆ ಅಧಿಕಾರವೂ ಬೇಕು, ಸಾಕಷ್ಟು ಜಮೀನೂ ಬೇಕು. ಜಮೀನಿಲ್ಲದ ಹೌಕೆಗೆ ಆ ಸ್ಥಾನ ಸಿಗುವುದು, ಹಳೆಯ ಡೈಶ್‌ಗ್ರಾಫನ ಮಗಳು ಎಲ್ಕೆ ತಾನು ಇವನನ್ನೇ ಮದುವೆಯಾಗುವವಳು, ತನ್ನ ಭೂಮಿ ಇವನದೇ ಅಂತ ಎಲ್ಲರೆದುರು ಹೇಳಿದ್ದರಿಂದ. ಕೊನೆಗೆ 'ಒಡ್ಡಿನ ಪಟೇಲ' ಅಂತ ಇಟ್ಟೆ. ಪಟೇಲ ಅಂದ ತಕ್ಷಣ ಜಮೀನು, ಗತ್ತು, ಊರವರ ಹೊಟ್ಟೆಕಿಚ್ಚು ಎಲ್ಲ ಒಟ್ಟಿಗೇ ಬರುತ್ತದೆ, ಅಲ್ವಾ? ಇಂಗ್ಲಿಷಿನ ಅನುವಾದಕರೂ ಇಲ್ಲೇ ಬೇರೆ ಬೇರೆ ದಾರಿ ಹಿಡಿದರು. ಅಮೆರಿಕದ ಕವಿ ಜೇಮ್ಸ್ ರೈಟ್ 1964ರಲ್ಲಿ ಬಿಳಿ ಕುದುರೆಯ ಸವಾರ ಅನ್ನುವ ಅರ್ಥದ ಹೆಸರನ್ನೇ ಉಳಿಸಿಕೊಂಡ. ಡೆನಿಸ್ ಜಾಕ್ಸನ್ 1996ರಲ್ಲಿ 'ದಿ ಡೈಕ್‌ಮಾಸ್ಟರ್' ಅಂತ ಹೆಸರೇ ಬದಲಿಸಿದ. ಒಬ್ಬನಿಗೆ ಮೊದಲು ಕಂಡಿದ್ದು ದೆವ್ವ, ಇನ್ನೊಬ್ಬನಿಗೆ ಕೆಲಸಗಾರ. ನನಗೆ ಜಾಕ್ಸನ್ ಮೇಲೆ ಗೌರವ ಜಾಸ್ತಿ. ಆದರೆ ಹೆಸರಿನ ವಿಷಯದಲ್ಲಿ ನಾನು ರೈಟ್ ಕಡೆಗೆ. ಆ ಕುದುರೆಯನ್ನು ಹೊರಗೆ ಬಿಡಲು ಮನಸ್ಸು ಬರುವುದಿಲ್ಲ.

ಒಂದು ದೃಶ್ಯಕ್ಕೆ ಮಾತ್ರ ನನಗೆ ಅಡಿಟಿಪ್ಪಣಿಯೇ ಬೇಕಾಗಲಿಲ್ಲ. ಹೌಕೆಯ ಹೊಸ ಒಡ್ಡು ಮುಗಿಯುತ್ತಾ ಬಂದಿದೆ. ಮಳೆ, ಗಾಳಿ. ಕೊನೆಯ ಬಿರುಕು ಮುಚ್ಚುತ್ತಿದ್ದಾರೆ. ಕೂಲಿಯವರು ಒಂದು ಪುಟ್ಟ ನಾಯಿಯನ್ನು ಹಿಡಿದು ಮಣ್ಣಿನೊಳಗೆ ಎಸೆಯುತ್ತಾರೆ. ಒಡ್ಡು ನಿಲ್ಲಬೇಕಾದರೆ ಜೀವ ಇರುವಂಥದ್ದೇನಾದರೂ ಒಳಗೆ ಹೋಗಬೇಕು, ಮಗುವಾದರೆ ಇನ್ನೂ ಒಳ್ಳೆಯದು ಅನ್ನುತ್ತಾರೆ. ಹೌಕೆ ಕೆಳಗೆ ಇಳಿದು ಆ ಒದ್ದೆ ನಾಯಿಯನ್ನು ಎತ್ತಿಕೊಳ್ಳುತ್ತಾನೆ, ತನ್ನ ಮಗಳಿಗೆ ತಂದುಕೊಡುತ್ತಾನೆ. ಕೆರೆಗೆ ಹಾರವಾದ ಭಾಗೀರಥಿಯ ಹಾಡು ಕೇಳಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಯಾರೂ ತಡೆಯಲಿಲ್ಲ. ಇಲ್ಲಿ ಒಬ್ಬ ತಡೆದ. ಊರು ಅವನನ್ನು ಅದಕ್ಕಾಗಿ ಕ್ಷಮಿಸಲಿಲ್ಲ.

ಇನ್ನು ವಿದ್ವಾಂಸರ ಮಾತು. ಕಥೆಯ ಮೊದಲ ಸಾಲುಗಳಲ್ಲೇ ಸ್ಟೋರ್ಮ್ ಒಂದು ಸುಳಿವು ಕೊಡುತ್ತಾನೆ. ಇದನ್ನು ನಾನು ಚಿಕ್ಕವನಿದ್ದಾಗ ಮುತ್ತಜ್ಜಿಯ ಮನೆಯಲ್ಲಿ ಓದಿದ್ದೆ, ನೀಲಿ ರಟ್ಟಿನ ಒಂದು ಪತ್ರಿಕೆಯಲ್ಲಿ, ಯಾವ ಪತ್ರಿಕೆ ಅಂತ ಮರೆತಿದೆ ಅನ್ನುತ್ತಾನೆ. ಅಜ್ಜಿಗೆ ಎಂಬತ್ತು ದಾಟಿತ್ತು. ಹುಡುಗ ಓದುತ್ತಿದ್ದರೆ ಅವಳ ಮೆತ್ತನೆಯ ಕೈ ಅವನ ತಲೆಗೂದಲ ಮೇಲೆ ಆಗಾಗ ಸವರುತ್ತಿತ್ತು. ವಿದ್ವಾಂಸರು ಆ ಪತ್ರಿಕೆಯನ್ನು ಹುಡುಕಿಯೇಬಿಟ್ಟರು. ಹ್ಯಾಂಬರ್ಗಿನದು, 1838ರದು. ಅದೂ ಡಾನ್ಸಿಗ್ ಪಟ್ಟಣದ ಪತ್ರಿಕೆಯೊಂದರಿಂದ ಎತ್ತಿಕೊಂಡ ಕಥೆ. ಅಲ್ಲಿನ ಕುದುರೆ ಸವಾರ ಓಡಾಡುವುದು ಉತ್ತರ ಸಮುದ್ರದ ದಡದಲ್ಲಿ ಅಲ್ಲ, ನೂರಾರು ಮೈಲಿ ಪೂರ್ವಕ್ಕಿರುವ ವಿಸ್ಟುಲಾ ನದಿಯ ಒಡ್ಡಿನ ಮೇಲೆ. ಅಂದರೆ ಮೂಲ ಕಥೆಯಲ್ಲಿ ನಿಜವಾಗಿಯೂ ಹೊಳೆ ಇತ್ತು! ನನ್ನ ಗೆಳೆಯನ ಪ್ರಶ್ನೆ ಅಷ್ಟೇನೂ ತಪ್ಪಾಗಿರಲಿಲ್ಲ.

ಇನ್ನೊಂದು ವಿಷಯವೂ ಹೊರಬಿತ್ತು. ಆ ಮುತ್ತಜ್ಜಿ ತೀರಿಕೊಂಡಿದ್ದು 1829ರಲ್ಲಿ. ಪತ್ರಿಕೆ ಬಂದಿದ್ದು ಒಂಬತ್ತು ವರ್ಷ ಆದ ಮೇಲೆ. ಹಾಗಾದರೆ ಆ ಕೈ? ಸ್ಟೋರ್ಮ್ ಸುಳ್ಳು ಹೇಳಿದ ಅಂತ ನನಗೆ ಅನ್ನಿಸುವುದಿಲ್ಲ. ಅಜ್ಜಿಯ ಕೈಯೂ ನಿಜ, ಓದಿದ ಕಥೆಯೂ ನಿಜ. 70ರ ವಯಸ್ಸಿನಲ್ಲಿ ಎರಡೂ ಒಂದಾಗಿ ನೆನಪಿಗೆ ಬಂದಿವೆ. ಇಸವಿಗಳನ್ನು ಜೋಡಿಸಿ ನೋಡುವುದು ಒಣ ಕೆಲಸ ಅನ್ನುವವರಿದ್ದಾರೆ. ನನಗಂತೂ ಆ ಎರಡು ಇಸವಿಗಳಿಂದ ಆ ಮುದುಕ ಇನ್ನೂ ಹತ್ತಿರವಾದ. ಆ ಪುಟವನ್ನು ಅನುವಾದಿಸುವಾಗ 'ಸವರುತ್ತಿತ್ತು' ಅನ್ನುವ ಕ್ರಿಯಾಪದವನ್ನು ನಾಲ್ಕು ಸಲ ಬದಲಿಸಿ, ಮತ್ತೆ ಅದಕ್ಕೇ ಬಂದೆ.

ಇಂಥ ಕೆಲಸಕ್ಕೆ ಒಂದು ನೆಲೆ ಬೇಕು. ಹೂಜುಮ್‌ನಲ್ಲಿ 1948ರಲ್ಲಿ ಸ್ಟೋರ್ಮ್ ಹೆಸರಿನ ಸಂಘ ಶುರುವಾಯಿತು. ಅವನಿದ್ದ ಒಂದು ಮನೆ ಈಗ ವಸ್ತುಸಂಗ್ರಹಾಲಯ. ಅಲ್ಲಿ ಬಹುಕಾಲ ದುಡಿದ ಕಾರ್ಲ್ ಎರ್ನ್ಸ್ಟ್ ಲಾಗೆ, ಡೀಟರ್ ಲೋಮೈಯರ್ ಜೊತೆ ಸೇರಿ ಸ್ಟೋರ್ಮ್‌ನ ಬರಹಗಳನ್ನು ನಾಲ್ಕು ಸಂಪುಟಗಳಲ್ಲಿ ಟಿಪ್ಪಣಿ ಸಹಿತ ತಂದರು. ನನ್ನಂಥ ಅನುವಾದಕರು ನಿಂತಿರುವುದು ಅವರು ಹಾಕಿದ ಮಣ್ಣಿನ ಮೇಲೆ.

ನಮ್ಮ ಕಡೆಯ ಒಂದು ಎಳೆಯೂ ಇದೆ. ಕನ್ನಡ ಪದ ಹುಡುಕಲು ನಾನು ಪ್ರತಿದಿನ ತೆರೆಯುವ ನಿಘಂಟು ಕಿಟ್ಟೆಲ್ ಅವರದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆಯಲ್ಲಿ. ಅದೂ ಉತ್ತರ ಸಮುದ್ರದ ಕರಾವಳಿಯೇ, ಕಡಲೊಡ್ಡುಗಳ ನಾಡೇ. ಸ್ಟೋರ್ಮ್ ಊರು ಬಿಟ್ಟ 1853ರಲ್ಲೇ ಕಿಟ್ಟೆಲ್ ನಮ್ಮ ಕಡೆ ಬಂದರು. ಏರಿ, ಕಟ್ಟೆ, ಒಡ್ಡು ಅಂತ ಒಂದೊಂದೇ ಪದ ನೋಡುವಾಗ, ಡೈಶ್ ನಾಡಿನಲ್ಲಿ ಹುಟ್ಟಿದ ಒಬ್ಬರು ಇವಕ್ಕೆಲ್ಲ ಅರ್ಥ ಬರೆದಿದ್ದಾರೆ ಅನ್ನುವುದು ನೆನಪಾಗಿ ಕೈ ಸ್ವಲ್ಪ ತಡೆಯುತ್ತದೆ.

ಕಥೆಯ ಕೊನೆಯಲ್ಲಿ 1756ರ ಅಕ್ಟೋಬರಿನ ಬಿರುಗಾಳಿ ಬರುತ್ತದೆ. ಒಡೆಯುವುದು ಹೌಕೆಯ ಹೊಸ ಒಡ್ಡಲ್ಲ, ಹಳೆಯದು. ಅದು ದುರ್ಬಲವಾಗಿದೆ ಅಂತ ಗೊತ್ತಿದ್ದೂ, ಜ್ವರದಿಂದ ಎದ್ದವನು ಬೇರೆಯವರ ಮಾತಿಗೆ ಒಪ್ಪಿ ಸಣ್ಣ ರಿಪೇರಿಗೆ ಬಿಟ್ಟಿರುತ್ತಾನೆ. ಹೆಂಡತಿ, ಮಗಳು ಕಣ್ಣೆದುರೇ ನೀರಿಗೆ ಸಿಗುತ್ತಾರೆ. ಅವನು ಬಿಳಿ ಕುದುರೆಯ ಸಮೇತ ಅದೇ ನೀರಿಗೆ ಹಾರುತ್ತಾನೆ. ಅವನ ಒಡ್ಡು ಮಾತ್ರ ನೂರು ವರ್ಷದ ನಂತರವೂ ನಿಂತಿದೆ ಅನ್ನುತ್ತದೆ ಕಥೆ. 1959ರಲ್ಲಿ ಆ ಕರಾವಳಿಯವರು ಕಡಲಿನಿಂದ ಪಡೆದ ಒಂದು ಹೊಸ ನೆಲಕ್ಕೆ ನಿಜವಾಗಿಯೂ ಹೌಕೆ ಹೈಯೆನ್ ಕೋಗ್ ಅಂತಲೇ ಹೆಸರಿಟ್ಟರು.

ಈ ಕಥೆಯನ್ನೆಲ್ಲ ಒಬ್ಬ ಶಾಲಾ ಮೇಷ್ಟ್ರು ದಾರಿಹೋಕನೊಬ್ಬನಿಗೆ ಹೇಳುತ್ತಿರುತ್ತಾನೆ. ಬೆಳಗಾದ ಮೇಲೆ ಆ ದಾರಿಹೋಕ ಹೊರಡುವ ಒಂದೇ ವಾಕ್ಯದಲ್ಲಿ ಪುಸ್ತಕ ಮುಗಿಯುತ್ತದೆ. ಜರ್ಮನ್ನಿನಲ್ಲಿ ಅದು 'ಪಟ್ಟಣದ ಕಡೆ ಕೆಳಗೆ' ಅಂತ ನಿಲ್ಲುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರಬೇಕು. ನಾನು ಎರಡು ವಾಕ್ಯ ಮಾಡಿದ್ದೇನೆ. ಸದ್ಯಕ್ಕೆ ಅದು ಹೀಗಿದೆ:

"ಮರುದಿನ ಬೆಳಿಗ್ಗೆ, ಕಣ್ಣು ಹಾಯುವಷ್ಟು ದೂರ ಹಾಳಾಗಿ ಬಿದ್ದಿದ್ದ ನೆಲದ ಮೇಲೆ ಅಪ್ಪಟ ಬಂಗಾರದ ಬಿಸಿಲು ಮೂಡಿತ್ತು. ಆ ಬಿಸಿಲಲ್ಲಿ ಹೌಕೆ ಹೈಯೆನ್ ಒಡ್ಡಿನ ಮೇಲೆ ಕುದುರೆ ನಡೆಸುತ್ತಾ ನಾನು ಪಟ್ಟಣದ ಕಡೆ ಇಳಿದೆ."