ಗಡ್ಡೆ ಹೊರಬಂದ ಮೇಲೆ ಕೆಲಸಕ್ಕೆ ನಿಲ್ಲುವವರು

ಮಾನ್ಯ ಅಧ್ಯಕ್ಷರೇ, ಹಿರಿಯರೇ, ಗೆಳೆಯರೇ,

ಮಿದುಳು ಗಡ್ಡೆಯ ಶಸ್ತ್ರಚಿಕಿತ್ಸೆಯಲ್ಲಿ ನಡೆಯುತ್ತಿರುವ ಸಂಶೋಧನೆಯ ಬಗ್ಗೆ ಮಾತನಾಡಲು ನೀವು ನನ್ನನ್ನು ಕರೆದಿದ್ದೀರಿ. ಹೊಸ ಔಷಧ, ಹೊಸ ಉಪಕರಣಗಳ ವಿಚಾರ ಈ ಸಭೆಗೆ ಹೊಸದಲ್ಲವಾದ್ದರಿಂದ, ನನಗೆ ಸಿಕ್ಕ ಸಮಯವನ್ನು ಆ ಪ್ರಯೋಗಾಲಯಗಳಲ್ಲಿ ದುಡಿಯುವ ಜನರಿಗಾಗಿ ಮೀಸಲಿಡುತ್ತೇನೆ. ಶಸ್ತ್ರವೈದ್ಯರ ಹೆಸರು ಉಳಿದು, ಗಡ್ಡೆಯ ಮಾದರಿಯನ್ನು ಕಾಪಾಡಿದವರ ಮತ್ತು ದಾಖಲೆ ಬರೆದವರ ಹೆಸರು ಅಳಿಸಿಹೋಗುವುದು ಅನ್ಯಾಯವೂ ಹೌದು, ವಿಜ್ಞಾನಕ್ಕೆ ನಷ್ಟವೂ ಹೌದು ಎಂಬುದು ನನ್ನ ದೃಢ ನಂಬಿಕೆ. ಶಸ್ತ್ರವೈದ್ಯ ಮಿತ್ರರು ಮುನಿಸಿಕೊಳ್ಳಬಾರದು; ಅವರ ಕೈಚಳಕದ ಮೇಲಿನ ಗೌರವದಿಂದಲೇ ಈ ಮಾತು ಆಡುತ್ತಿದ್ದೇನೆ.

ಆಧುನಿಕ ನರಶಸ್ತ್ರಚಿಕಿತ್ಸೆಗೆ ಬುನಾದಿ ಹಾಕಿದ ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಅವರನ್ನು ನಿಮಗೆ ಪರಿಚಯಿಸುವ ಅಗತ್ಯವಿಲ್ಲ. 1931ರಲ್ಲಿ ಅವರು ತಮ್ಮ ಎರಡು ಸಾವಿರದನೆಯ ಮಿದುಳು ಗಡ್ಡೆಯ ಶಸ್ತ್ರಚಿಕಿತ್ಸೆ ನಡೆಸಿದರೆಂದು ಎಲ್ಲರೂ ಹೇಳುತ್ತೇವೆ. ಆದರೆ ಆ ಲೆಕ್ಕವನ್ನು ಬರೆದಿಟ್ಟವರು ಯಾರು? ಲೂಯಿಸ್ ಐಸೆನ್‌ಹಾರ್ಟ್ ಎಂಬ ಮಹಿಳೆ. 1915ರಲ್ಲಿ ಕುಶಿಂಗ್ ಅವರ ಬರಹಗಳನ್ನು ಸಿದ್ಧಪಡಿಸುವ ಸಹಾಯಕಿಯಾಗಿ ಸೇರಿದ ಈಕೆ, ಆ ಕೆಲಸದಿಂದಲೇ ವೈದ್ಯಶಾಸ್ತ್ರದತ್ತ ಒಲಿದು, ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಓದಿ 1925ರಲ್ಲಿ ವೈದ್ಯರಾದರು; ಬಳಿಕ ಮತ್ತೆ ಕುಶಿಂಗ್ ಅವರ ಜತೆಗೂಡಿ ಗಡ್ಡೆಗಳ ಪರೀಕ್ಷೆಯನ್ನು ಕೈಗೆತ್ತಿಕೊಂಡರು. ಶಸ್ತ್ರಚಿಕಿತ್ಸೆಯ ವೇಳೆ ತೆಗೆದ ಹಸಿ ಅಂಗಾಂಶಕ್ಕೆ ಬಣ್ಣ ಹಾಕಿ ಗಡ್ಡೆ ಯಾವುದೆಂದು ಬೇಗ ಗುರುತಿಸುವ ವಿಧಾನದ ಬಗ್ಗೆ ಇಬ್ಬರೂ ಸೇರಿ 1930ರಲ್ಲಿ ಪ್ರಬಂಧ ಬರೆದರು. ಈಕೆಯ ಬಳಿ ಚಿಕ್ಕದೊಂದು ಕಪ್ಪು ಪುಸ್ತಕವಿತ್ತು. ರೋಗಿ ಯಾರು, ಗಡ್ಡೆ ಯಾವುದು, ಆಮೇಲೆ ಏನಾಯಿತು ಎಂಬ ವಿವರಗಳು ಅದರಲ್ಲಿ ಸೇರುತ್ತ ಹೋದವು. ಇಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿರುವ ಕುಶಿಂಗ್ ಸಂಗ್ರಹದ ಮಿದುಳು ಮಾದರಿಗಳ ಜಾಡಿಗಳಿಗೂ ಗಾಜಿನ ಛಾಯಾಫಲಕಗಳಿಗೂ ಅರ್ಥವಿರುವುದು ಅಂಥ ದಾಖಲೆಗಳಿಂದ. ದಾಖಲೆಯಿಲ್ಲದ ಜಾಡಿಯಿಂದ ಯಾರೂ ಏನೂ ಕಲಿಯಲಾರರು. ಐಸೆನ್‌ಹಾರ್ಟ್ 1938ರಲ್ಲಿ ನರಶಸ್ತ್ರವೈದ್ಯರ ಸಂಘವಾದ ಹಾರ್ವೆ ಕುಶಿಂಗ್ ಸೊಸೈಟಿಯ ಅಧ್ಯಕ್ಷರಾದರು, 1944ರಲ್ಲಿ ನರಶಸ್ತ್ರಚಿಕಿತ್ಸೆಯ ಹೊಸ ನಿಯತಕಾಲಿಕದ ಮೊದಲ ಸಂಪಾದಕರಾದರು. ಇಷ್ಟಾಗಿಯೂ ಈಕೆಯ ಹೆಸರನ್ನು ಕೇಳದೆಯೇ ಓದು ಮುಗಿಸುವ ವೈದ್ಯ ವಿದ್ಯಾರ್ಥಿಗಳನ್ನು ಕಂಡಾಗ ನನಗೆ ನೋವಾಗುತ್ತದೆ.

ಇಂದಿನ ಪ್ರಯೋಗಾಲಯಕ್ಕೆ ಬರೋಣ. ಗ್ಲಿಯೊಬ್ಲಾಸ್ಟೋಮಾ ಎಂಬ ಉಗ್ರ ಮಿದುಳು ಗಡ್ಡೆಯ ತುಣುಕೊಂದು ದೇಹದಿಂದ ಬೇರ್ಪಟ್ಟ ಗಳಿಗೆಯಿಂದಲೇ ಬದಲಾಗತೊಡಗುತ್ತದೆ. ರಕ್ತ ಸಿಗದ ಅಂಗಾಂಶದಲ್ಲಿ, ಜೀನ್‌ಗಳ ಸಂದೇಶ ಹೊತ್ತ ಆರ್‌ಎನ್‌ಎ ಎಂಬ ಅಣು ಒಡೆಯುತ್ತ ಹೋಗುತ್ತದೆ. ಹಾಗಾಗಿಯೇ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಐಸ್ ಪೆಟ್ಟಿಗೆ ಹಿಡಿದು ಒಬ್ಬ ತಂತ್ರಜ್ಞೆ ಕಾದಿರುತ್ತಾರೆ. ರೋಗನಿರ್ಣಯಕ್ಕೆ ಬೇಕಾದಷ್ಟು ಪ್ಯಾಥಾಲಜಿಗೆ ಹೋದ ಮೇಲೆ ಉಳಿದದ್ದರಲ್ಲಿ ಒಂದು ಪಾಲು ಅಂಗಾಂಶವನ್ನು ಕೆಡದಂತಿಡುವ ಫಾರ್ಮಲಿನ್‌ಗೆ, ಒಂದು ಪಾಲು −196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕಕ್ಕೆ, ಇನ್ನೊಂದು ಪಾಲು ಜೀವಕೋಶಗಳನ್ನು ಬೆಳೆಸುವ ಪೋಷಕ ದ್ರಾವಣಕ್ಕೆ. ಪ್ರತಿ ಶೀಶೆಯ ಚೀಟಿಯ ಮೇಲೆ ಹೊರತೆಗೆದ ಸಮಯವನ್ನೂ, ತುಣುಕು ಗಡ್ಡೆಯ ನಡುವಿನದೋ ಅಂಚಿನದೋ ಎಂಬುದನ್ನೂ ಬರೆಯಬೇಕು. ನಡುವಿನಲ್ಲಿ ಸತ್ತ ಅಂಗಾಂಶವೇ ಹೆಚ್ಚಿರುವುದುಂಟು. ಗಡ್ಡೆ ಮರುಕಳಿಸುವುದು ಬಹುತೇಕ ಅಂಚಿನಾಚೆಗೆ ನುಸುಳಿದ ಜೀವಕೋಶಗಳಿಂದ. ಚೀಟಿಯಲ್ಲಿ ಈ ಒಂದು ಪದ ಅದಲುಬದಲಾದರೆ ಮುಂದಿನ ವಿಶ್ಲೇಷಣೆಯೆಲ್ಲ ದಾರಿ ತಪ್ಪುತ್ತದೆ.

ಇದಕ್ಕೂ ಮೊದಲೇ, ಹೆದರಿ ಕುಳಿತ ರೋಗಿಯ ಮತ್ತು ಮನೆಯವರ ಮುಂದೆ ಕೂತು, ತುಣುಕನ್ನು ಸಂಶೋಧನೆಗೆ ಬಳಸಲು ಒಪ್ಪಿಗೆ ಕೇಳುವ ಸಂಶೋಧನಾ ಸಂಯೋಜಕರಿದ್ದಾರೆ. ನೀವು ಬೇಡವೆಂದರೂ ಚಿಕಿತ್ಸೆಯಲ್ಲಿ ಯಾವ ಕೊರತೆಯೂ ಆಗದು ಎಂಬುದನ್ನು ರೋಗಿ ನಂಬುವಂತೆ ಹೇಳುವುದು ಅವರ ಕರ್ತವ್ಯ. ತಿಂಗಳುಗಳು ಉರುಳಿದ ಮೇಲೆ ಅದೇ ಮನೆಗೆ ಫೋನ್ ಮಾಡಿ, ರೋಗಿ ಹೇಗಿದ್ದಾರೆಂದು ಕೇಳಬೇಕಾದವರೂ ಅವರೇ. ಕೆಲವೊಮ್ಮೆ ತೀರಿಕೊಂಡ ದಿನಾಂಕವನ್ನು ಕೇಳಿ ಬರೆದುಕೊಳ್ಳಬೇಕಾಗುತ್ತದೆ. ಗ್ಲಿಯೊಬ್ಲಾಸ್ಟೋಮಾ ರೋಗಿಗಳಿಗೆ ವಿಕಿರಣದ ಜತೆ ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಔಷಧ ಕೊಟ್ಟಾಗ ಮಧ್ಯಾಂಕ ಬದುಕಿನ ಅವಧಿ 12.1 ತಿಂಗಳಿಂದ 14.6 ತಿಂಗಳಿಗೆ ಏರಿತೆಂದು 2005ರ ಪ್ರಬಂಧ ಹೇಳಿತು. ಆ ಎರಡೂವರೆ ತಿಂಗಳು ಕಣ್ಣಿಗೆ ಬಿದ್ದದ್ದು ದಿನಾಂಕಗಳನ್ನು ಬರೆದಿಟ್ಟವರಿಂದ.

ಶಸ್ತ್ರಚಿಕಿತ್ಸೆಗೆ ಮುನ್ನ 5-ಎಎಲ್‌ಎ ಎಂಬ ಔಷಧ ಕುಡಿದ ರೋಗಿಯ ಗಡ್ಡೆ ನೀಲಿ ಬೆಳಕಿನಲ್ಲಿ ಕೆಂಪಾಗಿ ಹೊಳೆಯುವುದನ್ನು ನೀವು ಬಲ್ಲಿರಿ. ಸ್ಕ್ಯಾನ್‌ನಲ್ಲಿ ಕಾಣುವ ಗಡ್ಡೆಯನ್ನು ಪೂರ್ತಿ ತೆಗೆಯಲಾದ ರೋಗಿಗಳ ಪ್ರಮಾಣ ಸಾಮಾನ್ಯ ಬೆಳಕಿನಲ್ಲಿ ಶೇ. 36 ಇದ್ದದ್ದು ಈ ವಿಧಾನದಲ್ಲಿ ಶೇ. 65ಕ್ಕೆ ಏರಿತೆಂದು 2006ರ ಜರ್ಮನ್ ಅಧ್ಯಯನ ತೋರಿಸಿತು. ಶಸ್ತ್ರಚಿಕಿತ್ಸೆಯಾದ 72 ಗಂಟೆಗಳೊಳಗೆ ಎಂಆರ್‌ಐ ತೆಗೆದು, ಉಳಿಕೆಯನ್ನು ಹುಡುಕಿದ ಕಣ್ಣುಗಳಿಲ್ಲದಿದ್ದರೆ ಆ ಅಂಕಿಯೇ ಇರುತ್ತಿರಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಬೇಗ ಮುಗಿಸುತ್ತೇನೆ. ತಲೆಬುರುಡೆ ತೆರೆದ ಮೇಲೆ ಮಿದುಳು ಜರುಗಿ, ಮೊದಲೇ ತೆಗೆದ ಚಿತ್ರಕ್ಕೆ ಹೊಂದದೆ ಹೋಗುವ ತೊಡಕನ್ನು ಬಿಡಿಸುತ್ತಿರುವ ಎಂಜಿನಿಯರುಗಳು, ಎಚ್ಚರವಿರುವ ರೋಗಿಗೆ ಚಿತ್ರ ತೋರಿಸಿ ಮಾತು ತಡವರಿಸುವುದನ್ನು ಗಮನಿಸುವ ಮನಶ್ಶಾಸ್ತ್ರಜ್ಞರು, ಸಂಖ್ಯಾಶಾಸ್ತ್ರಜ್ಞರು, ಪ್ರಯೋಗದ ಇಲಿಗಳನ್ನು ಹಬ್ಬದ ದಿನವೂ ಬಂದು ನೋಡಿಕೊಳ್ಳುವವರು: ಒಬ್ಬೊಬ್ಬರ ಬಗ್ಗೆಯೂ ಹೇಳಬೇಕೆಂದಿದ್ದೆ.

ಒಂದು ಕೋರಿಕೆಯನ್ನು ಮಾತ್ರ ಇಡುತ್ತೇನೆ. ಯೋಜನೆಯ ಅವಧಿ ಮುಗಿದೊಡನೆ ಮಾದರಿ ಬ್ಯಾಂಕಿನ ತಂತ್ರಜ್ಞರನ್ನೂ ಸಂಯೋಜಕರನ್ನೂ ಮನೆಗೆ ಕಳಿಸುವ ಪದ್ಧತಿ ನಿಲ್ಲಬೇಕು. ಅವರು ಹೋದ ಮೇಲೆ ಫ್ರೀಜರಿನ ಯಾವ ಶೀಶೆ ಯಾವ ರೋಗಿಯ ಯಾವ ಸ್ಕ್ಯಾನಿಗೆ ಸೇರಿದ್ದೆಂದು ಬಿಡಿಸಿ ಹೇಳುವವರು ಸಿಗುವುದಿಲ್ಲ. ಮುಂದಿನ ಅನುದಾನದ ಅರ್ಜಿಯಲ್ಲಿ ಸೂಕ್ಷ್ಮದರ್ಶಕದ ಬೆಲೆಗಿಂತ ಮೊದಲು ಅವರ ಸಂಬಳದ ಸಾಲು ಬರಲಿ; ಪ್ರಬಂಧಕ್ಕೆ ನೆರವಾದವರ ಹೆಸರು ಲೇಖಕರ ಸಾಲಿನಲ್ಲೇ ಇರಲಿ. ನಮಸ್ಕಾರ.